ಎಂಟು ಗಂಟೆಯ ಮಾಲೀಕ

“ಇಡೀ ಪ್ರಪಂಚದಲ್ಲಿ ನಿನಗೆ ಅವನೊಬ್ಬನೇ ಸಿಕ್ಕನಾ ಅಕ್ಕ?”

ಗೋಲ್‌ಕೀಪರ್ ಬಾಗಿಲನ್ನೂ ತಟ್ಟದೆ ಕ್ಲಬ್ಬಿನ ಕಚೇರಿಗೆ ನುಗ್ಗಿದ್ದ. ಎರಡು ವರ್ಷದಲ್ಲಿ ಅವನು ಮನೆಯ ಹೊಸ್ತಿಲು ದಾಟಿದ್ದು ಇದೇ ಮೊದಲು. ಗಡ್ಡ ಬೆಳೆದಿತ್ತು, ಕಾಲಲ್ಲಿ ಬಚ್ಚಲಿಗೆ ಹೋಗುವ ಚಪ್ಪಲಿಯಿತ್ತು. ಮೇಜಿನ ಆಚೆ ಕೂತಿದ್ದವಳು ಅವನ ಒಡಹುಟ್ಟಿದ ಅಕ್ಕ. ಅಪ್ಪನ ನಂತರ ಈ ಫುಟ್‌ಬಾಲ್ ತಂಡದ ಒಡತಿ ಅವಳೇ. ಮಧ್ಯಾಹ್ನ ಮೂರಕ್ಕೆ ತಂಡ ಬೇರೆಯವನ ಪಾಲಾಗುವುದಿತ್ತು.

ಆ ಬೇರೆಯವನನ್ನು ಜನ ‘ಎಂಟು ಗಂಟೆ’ ಎಂದೇ ಕರೆಯುತ್ತಿದ್ದರು. ದಿನವೂ ಎಂಟಕ್ಕೆ ಸರಿಯಾಗಿ ಟಿವಿಯಲ್ಲಿ ಕೂತು ಯಾರಾದರೊಬ್ಬರ ಮಾನ ಹರಾಜು ಹಾಕುವುದು ಅವನ ಕಸುಬು. ಅತಿಥಿಗಳನ್ನು ಕರೆಸುತ್ತಿದ್ದ, ಪ್ರಶ್ನೆ ಕೇಳುತ್ತಿದ್ದ, ಉತ್ತರವನ್ನೂ ತಾನೇ ಹೇಳಿಬಿಡುತ್ತಿದ್ದ. ಇಷ್ಟಾದರೂ ಜನ ನೋಡುತ್ತಿದ್ದರು. ಬೈದುಕೊಂಡೇ ನೋಡುತ್ತಿದ್ದರು.

ಎರಡು ವರ್ಷದ ಹಿಂದೆ, ಅಂತಿಮ ಪಂದ್ಯದ ಕೊನೆಯ ನಿಮಿಷದಲ್ಲಿ ಒಂದು ಚೆಂಡು ಕೀಪರನ ಕೈಯಿಂದ ಜಾರಿತು. ಅಂದು ಎಂಟಕ್ಕೆ ತೆರೆಯ ಮೇಲೆ ದಪ್ಪಕ್ಷರ ಬಂತು: ‘ಕೈ ಬಿಟ್ಟನೋ, ಕೈ ಚಾಚಿದನೋ?’ ದುಡ್ಡು ತಿಂದ ಆರೋಪದ ಮೇಲೆ ವಿಚಾರಣೆ ನಡೆಯಿತು. ಅವನದೇನೂ ತಪ್ಪಿಲ್ಲ ಎಂದು ವರದಿ ಬಂತು. ಆ ವರದಿ ಎಂಟು ಗಂಟೆಯ ಕಣ್ಣಿಗೆ ಬೀಳಲೇ ಇಲ್ಲ. ಚೆಂಡು ಜಾರುವ ದೃಶ್ಯ ಮಾತ್ರ ವಾರಕ್ಕೊಮ್ಮೆಯಾದರೂ ತೆರೆಗೆ ಬರುತ್ತಿತ್ತು. ಕೀಪರ್ ಮನೆಯ ಟಿವಿಯನ್ನು ಯಾರಿಗೋ ಕೊಟ್ಟುಬಿಟ್ಟ. ಪಕ್ಕದ ಮನೆಯ ಟಿವಿ ಗೋಡೆ ದಾಟಿ ಕೇಳಿಸುತ್ತಿತ್ತು. ಅವನ ಮಗಳು ಶಾಲೆಯಲ್ಲಿ ಅಪ್ಪನ ಹೆಸರು ಹೇಳಲು ನಾಚುತ್ತಿದ್ದಳು, ಅದು ಅವನಿಗೆ ಗೊತ್ತಿತ್ತು.

ತಂಡ ಇನ್ನೂ ಅಪ್ಪನ ಹೆಸರಿನಲ್ಲಿದ್ದಾಗ, ಅಕ್ಕ ಒಮ್ಮೆ ತಾನೇ ಹೋಗಿ ಎಂಟು ಗಂಟೆಯ ಕಾರ್ಯಕ್ರಮದಲ್ಲಿ ಕೂತಿದ್ದಳು. “ನನ್ನ ತಮ್ಮ ದುಡ್ಡು ತಗೊಂಡಿ...” ಎನ್ನುವಷ್ಟರಲ್ಲಿ ಅವನು ಕ್ಯಾಮೆರಾದತ್ತ ತಿರುಗಿ, “ತಗೊಂಡಿದ್ದಾನೆ. ಸ್ವಂತ ಅಕ್ಕನೇ ಒಪ್ಕೊಂಡ್ರು, ವೀಕ್ಷಕರೇ,” ಎಂದುಬಿಟ್ಟ. ಹಿಂದೆಯೇ ಜಾಹೀರಾತು ಬಂತು. ತಮ್ಮ ಅವಳ ಜೊತೆ ಮಾತು ಕಡಿಮೆ ಮಾಡಿದ್ದು ಆವತ್ತಿನಿಂದ.

“ಬೇರೆ ಇಬ್ಬರು ಅವನಿಗಿಂತ ಜಾಸ್ತಿ ಕೊಡ್ತೀವಿ ಅಂದಿದ್ರಂತೆ?” ಎಂದು ಈಗ ಕೇಳಿದ.

“ಅಂದಿದ್ರು.”

“ಮತ್ತೆ?”

“ಇದು ಅವನಿಗೇ ಸಿಗಬೇಕು ಕಣೋ. ನೀನು ಮನೆಗೆ ಹೋಗು.”

ಕೀಪರ್ ಬಾಗಿಲ ಕಡೆ ತಿರುಗಿದ. “ಇವತ್ತಿಂದ ನೀನು ನನಗೆ ಅಕ್ಕ ಅಲ್ಲ,” ಎಂದ. ಅವಳು ಅವನನ್ನು ತಡೆಯಲಿಲ್ಲ. ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತಳು, ಮುಖ ತೊಳೆದುಕೊಂಡು ಮತ್ತೆ ಕಾಗದಗಳನ್ನು ಮುಂದೆಳೆದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ತರಬೇತುದಾರನ ರಾಜೀನಾಮೆ ಬಂತು. ಕಾರಿಡಾರಿನಲ್ಲಿ ಎದುರಾದ ಆಟಗಾರರು ಗೋಡೆ ನೋಡಿಕೊಂಡು ನಡೆದರು.

ಎಂಟು ಗಂಟೆ ಮೂರಕ್ಕೇ ಬಂದ. ಬೆನ್ನಿಗೆ ಒಬ್ಬ ವಕೀಲ. ಕುರ್ಚಿಯಲ್ಲಿ ಕೂರುವ ಮೊದಲೇ ಗೋಡೆಯ ಮೇಲಿದ್ದ ಕೀಪರನ ಫೋಟೋ ತೋರಿಸಿ, ನಾಳೆಯೇ ಅದನ್ನು ಇಳಿಸಬೇಕೆಂದು ಅಪ್ಪಣೆ ಮಾಡಿದ. ಅಕ್ಕ ಹೂಂ ಅಂದಳು. ಅವಳದು ಒಂದೇ ಷರತ್ತು: ಹತ್ತು ವರ್ಷ ತಂಡವನ್ನು ಮಾರಬಾರದು, ಬಿಟ್ಟುಕೊಡಲೂಬಾರದು.

“ಹತ್ತು ಯಾಕೆ ಮೇಡಂ, ಇಪ್ಪತ್ತು ಬರ್ಕೊಳ್ಳಿ,” ಎಂದು ಅವನು ನಕ್ಕ. ಅವಳು ಇಪ್ಪತ್ತು ಎಂದು ತಿದ್ದಿದಳು.

ಸಹಿಗೆ ಮುಂಚೆ ನಿಯಮಗಳನ್ನು ಗಟ್ಟಿಯಾಗಿ ಓದಬೇಕೆಂಬುದು ಲೀಗಿನ ಪದ್ಧತಿ. ಅದಕ್ಕೆಂದೇ ಬಂದಿದ್ದ ಲೀಗಿನ ಗುಮಾಸ್ತ ಕನ್ನಡಕ ಏರಿಸಿ ಶುರುಮಾಡಿದ. ಬಡಪಾಯಿಗೆ ಗಂಟಲು ಸರಿಮಾಡಿಕೊಳ್ಳಲೂ ಬಿಡುವು ಸಿಗಲಿಲ್ಲ.

“ತಂಡದ ಮಾಲೀಕರು ಆಟಗಾರರ ಸಂಬಳವನ್ನು ತಿಂಗಳ ಮೊದಲ ವಾರದಲ್ಲಿ...”

“ಕೊಡ್ತೀನಿ. ಮುಂದೆ.”

“ಮೈದಾನದ ಹುಲ್ಲು, ದೀಪ, ಶೌಚಾಲಯಗಳನ್ನು...”

“ನೋಡ್ಕೋತೀನಿ. ಮುಂದೆ.”

“ಮಾಲೀಕರು, ತಂಡ ತಮ್ಮ ಹೆಸರಿನಲ್ಲಿ ಇರುವಷ್ಟು ಕಾಲ ಈ ಆಟದ ಕುರಿತು, ಹಾಲಿ ಹಾಗೂ ಮಾಜಿ ಆಟಗಾರರ ಕುರಿತು ಟಿವಿಯಲ್ಲಿ...”

“ಮಾತಾಡ್ತೀನಿ. ಅದೇ ತಾನೆ ನನ್ನ ಕೆಲಸ? ಮುಂದೆ.”

ವಕೀಲ ಏನೋ ಹೇಳಲು ಕೈ ಎತ್ತಿದ. ನಿಮ್ಮನ್ನು ಕರೆತಂದಿರುವುದು ಸಾಕ್ಷಿಗೆ, ಭಾಷಣಕ್ಕಲ್ಲ ಎಂದು ಎಂಟು ಗಂಟೆ ಅವನ ಬಾಯಿ ಮುಚ್ಚಿಸಿದ. ಇನ್ನೂ ಹತ್ತಾರು ನಿಯಮಗಳು ಹೀಗೇ ಅರ್ಧಂಬರ್ಧ ಮುಗಿದವು. ಎಲ್ಲವನ್ನೂ ಕೇಳಿ ಒಪ್ಪಿದ್ದೇನೆ ಎಂಬ ಸಾಲಿನ ಕೆಳಗೆ ಅವನು ಉದ್ದಕ್ಕೆ ಸಹಿ ಎಳೆದ. ಅಕ್ಕನೂ ಸಹಿ ಮಾಡಿದಳು. ಗುಮಾಸ್ತ ಮೊಹರು ಒತ್ತಿದ.

ಎಂಟು ಗಂಟೆ ಎದ್ದು ಕೋಟು ಸರಿಮಾಡಿಕೊಂಡ. “ಇವತ್ತಿನ ಕಾರ್ಯಕ್ರಮ ನಿಮ್ಮ ತಮ್ಮನಿಂದಲೇ ಶುರು ಮೇಡಂ. ಮಾಲೀಕನ ಬಾಯಿಂದಲೇ ಕೇಳಿಸ್ಕೊಳ್ಳಿ.”

ಅಕ್ಕ ಗುಮಾಸ್ತನತ್ತ ತಿರುಗಿ, ಆ ಮೂರನೇ ನಿಯಮ ಅರ್ಧಕ್ಕೇ ನಿಂತಿತ್ತಲ್ಲ, ಪೂರ್ತಿ ಓದಿಬಿಡಿ ಎಂದಳು. ಎಂಟು ಗಂಟೆ ಬಾಯಿ ತೆರೆದ. ವಕೀಲ ಅವನ ತೋಳು ಹಿಡಿದುಕೊಂಡ.

ಗುಮಾಸ್ತ ನಿಧಾನವಾಗಿ ಓದಿದ: “ಮಾಲೀಕರು, ತಂಡ ತಮ್ಮ ಹೆಸರಿನಲ್ಲಿ ಇರುವಷ್ಟು ಕಾಲ ಈ ಆಟದ ಕುರಿತು, ಹಾಲಿ ಹಾಗೂ ಮಾಜಿ ಆಟಗಾರರ ಕುರಿತು ಟಿವಿಯಲ್ಲಿ ಒಂದು ಮಾತನ್ನೂ ಆಡತಕ್ಕದ್ದಲ್ಲ.”