ಅವನಿಗೆ ನಾಲ್ಕು, ಅವಳಿಗೆ ಎರಡು

"ಗುರುವಾರ ಗುರುವಾರ ತಪ್ಪದೆ ಬರ್ತಾನಪ್ಪ, ಒಬ್ಬ ಕನ್ನಡಕದವನು," ಅಂದ ಜೈಲಿನ ಕಾವಲುಗಾರ. "ಹೆಂಗಸರ ಕಡೆಗೆ. ನಿನ್ನ ಹೆಂಡ್ತೀನ ನೋಡೋಕೆ. ಏನೋ ಕಾಗದ ಓದಿ ಹೇಳ್ತಾನೆ, ಅವಳು ಕಣ್ಣೊರೆಸ್ಕೋತಾಳೆ."

ಬೀಗ ರಿಪೇರಿಯವನ ಹೊಟ್ಟೆಗೆ ಬೆಂಕಿ ಬಿತ್ತು. ಕಾಗದ ಬೇರೆ ಬರೆದು ತರುತ್ತಾನಾ ಬಡ್ಡೀಮಗ!

ಒಡವೆ ಅಂಗಡಿಯ ಬೀಗ ತೆಗೆದದ್ದು ಅವನು. ಬೀದಿಯಲ್ಲಿ ಕಾವಲು ನಿಂತದ್ದು ಅವಳು. ಸಂಚು ಪೂರ್ತಿ ಅವನದೇ. ಬೇಡ ಬೇಡವೆಂದು ಗೋಗರೆದವಳನ್ನು ಗದರಿಸಿ ಎಳೆದೊಯ್ದಿದ್ದ. ನ್ಯಾಯಾಧೀಶರು ಅವನಿಗೆ ನಾಲ್ಕು ವರ್ಷ ಹಾಕಿದರು, ಅವಳಿಗೆ ಎರಡು. ಅಂದರೆ ಮೊದಲು ಹೊರಗೆ ಹೋಗುವವಳು ಅವಳು. ಆಮೇಲೆ ಎರಡು ವರ್ಷ ಆ ಕನ್ನಡಕದವನದೇ ದರ್ಬಾರು.

ಮುಂದಿನ ವಾರ ವಕೀಲೆಯೊಬ್ಬರು ಅವನನ್ನು ಹುಡುಕಿಕೊಂಡು ಬಂದರು. ಸರ್ಕಾರ ಕಳಿಸಿರಬೇಕು ಎಂದುಕೊಂಡ, ಕೇಳಲಿಲ್ಲ.

"ನಿಮ್ಮ ಶಿಕ್ಷೆಯಲ್ಲಿ ತಪ್ಪಿದೆ. ಸಂಚು ನಿಮ್ಮದೇ ಅನ್ನೋಕೆ ಒಂದೂ ಸಾಕ್ಷಿ ಇಲ್ಲ, ಆದ್ರೂ ಅದಕ್ಕೇ ಅಂತ ಜಾಸ್ತಿ ಕೊಟ್ಟಿದ್ದಾರೆ. ಮೇಲ್ಮನವಿ ಹಾಕೋಣ. ಅದಕ್ಕೆ ಮುಂಚೆ ನಿಮಗೊಂದು ವಿಷಯ..."

"ಸಂಚು ನನ್ನ ಹೆಂಡ್ತೀದು," ಎಂದ ಅವನು, ಮಾತು ಮುಗಿಯಲೂ ಬಿಡದೆ. "ಬರ್ಕೊಳ್ಳಿ ಮೇಡಂ."

ವಕೀಲೆ ಪೆನ್ನು ಕೆಳಗಿಟ್ಟರು. "ಅವರ ಶಿಕ್ಷೆ ಜಾಸ್ತಿ ಆಗಬಹುದು."

"ಆಗ್ಲಿ ಬಿಡಿ."

"ನೀವಿಬ್ರೂ ಮೊದಲೇ ಮಾತಾಡ್ಕೊಂಡಿದ್ರಾ?"

"ಅವಳ ಜತೆ ನನಗೇನು ಮಾತು!"

ಅವರು ಮತ್ತೆ ಪೆನ್ನು ತೆಗೆದುಕೊಂಡು ಬರೆದುಕೊಂಡರು.

ಮೇಲ್ಮನವಿ ನಡೆದ ಆರು ತಿಂಗಳೂ ಅವನಿಗೆ ಅದೇ ಚಿಂತೆ. ಆ ಕನ್ನಡಕದವನಿಗೆ ವಯಸ್ಸೆಷ್ಟು, ಮೀಸೆ ಇದೆಯಾ ಎಂದು ಕಾವಲುಗಾರನ ಪ್ರಾಣ ತಿಂದ. "ನಿನಗಿಂತ ವಾಸಿ ಬಿಡಯ್ಯ," ಎಂದು ಆತ ಇನ್ನಷ್ಟು ಉರಿಸಿದ.

ಕೊನೆಗೆ ವಕೀಲೆ ತೀರ್ಪು ತಂದರು. ಅವನಿಗೆ ಎರಡು ವರ್ಷ. ಅವಳಿಗೆ ನಾಲ್ಕು.

"ಈಗ ಕಾಯ್ತಾ ಕೂತಿರ್ಲಿ, ಆ ಗುರುವಾರದ ಕನ್ನಡಕ!" ಎಂದು ಕುಣಿದಾಡಿದ.

"ಅವರಾ? ನಮ್ಮ ಆಫೀಸಿನ ಗುಮಾಸ್ತರು, ಕೇಸಿನ ಕಾಗದ ಓದಿ ಹೇಳೋಕೆ ಹೋಗ್ತಾರೆ. ನನ್ನನ್ನ ನಿಮಗೆ ಗೊತ್ತುಮಾಡಿದ್ದೇ ನಿಮ್ಮ ಹೆಂಡತಿ. 'ನಾಲ್ಕು ವರ್ಷ ನಮ್ಮನೆಯವರ ಕೈಲಿ ತಡೆಯೋಕಾಗಲ್ಲ, ಸಂಚು ನನ್ನದು ಅಂತ ಬರ್ಕೊಳ್ಳಿ' ಅಂದ್ರು. ನಾನು ನಿಮ್ಮ ಹತ್ರ ಬರೋಕೆ ಮುಂಚೇನೇ ಆ ಹೇಳಿಕೆಗೆ ಸಹಿ ಹಾಕಿದ್ರು."

ಅವನ ಕುಣಿತ ನಿಂತಿತು. "ನಾನು ಹೇಳಿದ್ದು... ಅವಳಿಗೆ ಗೊತ್ತಾಯ್ತಾ?"

"ಗುಮಾಸ್ತರು ಓದಿ ಹೇಳಿದ್ರು. ಎಷ್ಟು ಖುಷಿಪಟ್ಟರಂತೆ ಗೊತ್ತಾ? 'ಬಾಯಿಬಿಟ್ಟು ಹೇಳದಿದ್ರೂ ನನ್ನ ಮನಸ್ಸು ನಮ್ಮೆಜಮಾನ್ರಿಗೆ ತಿಳಿದುಹೋಯ್ತು ನೋಡಿ' ಅಂದ್ರಂತೆ."