ಗುಲಾಬಿ ಕರೆದ ಕಡಲು

ಸ್ಪೇನಿನ ಆ ಕೆಟಲಾನ್ ಊರಿನ ಭಾಷೆಯಲ್ಲಿ ವಸ್ತುಗಳಿಗೂ ಗಂಡು-ಹೆಣ್ಣೆಂಬುದಿತ್ತು; ಗಂಡಿಗೆ ‘ಎಲ್’, ಹೆಣ್ಣಿಗೆ ‘ಲಾ’ ಎಂದು ಸೇರಿಸಿ, ಗುಣ ಹೇಳುವ ಪದವನ್ನೂ ಅದಕ್ಕೆ ಹೊಂದಿಸಿ ಕರೆದರೆ ವಸ್ತುಗಳು ಮಾತು ಕೇಳುತ್ತಿದ್ದವು. ‘ಲಾ ಪೋರ್ತಾ ಒಬೆರ್ತಾ’ ಅಂದರೆ ಬಾಗಿಲು ತೆರೆಯುತ್ತಿತ್ತು. ಎಲ್ಲವನ್ನೂ ‘ಅದು’ ಎನ್ನುತ್ತಲೇ ಬೆಳೆದು, ಮೀನುಗಾರ ಗಂಡನೊಂದಿಗೆ ಅಲ್ಲಿಗೆ ಬಂದ ಕುಂದಾಪುರದ ಗುಲಾಬಿಗೆ ದಿನವೂ ಪೇಚಾಟ.

ಒಂದು ಸಂಜೆ ಅವಳ ಗಂಡ ಶೀನನ ದೋಣಿ ದೊಡ್ಡ ಅಲೆಗಳಿಗೆ ಸಿಕ್ಕಿಕೊಂಡಿತು. ಅಂಥ ಹೊತ್ತಿನಲ್ಲಿ ದೋಣಿಯವನ ಹೆಂಡತಿಯೇ ಕಡಲನ್ನು ಕರೆಯಬೇಕು.

“ಕಡ್ಲಿಗೆ ‘ಎಲ್’ ಹೇಳ್ಕಾ, ‘ಲಾ’ ಹೇಳ್ಕಾ?” ಗುಲಾಬಿ ದಡಕ್ಕೆ ಓಡುತ್ತ ಕೇಳಿದಳು.

“ಎರಡೂ ಸರಿ. ನಿನಗೆ ಅದು ಯಾರೋ ಹಾಗೆ ಕರಿ,” ಎಂದಳು ನೆರೆಮನೆಯ ನೂರಿಯಾ.

“ನಮ್ಗೆ ಕಡ್ಲ್ ಅಂದ್ರೆ ಅಬ್ಬಿಯೇ ಅಲ್ದಾ, ಹೆತ್ತ ತಾಯಿ!” ಎಂದವಳೇ ಗುಲಾಬಿ ದಡದಿಂದ ಕೂಗಿದಳು: “ಲಾ ಮಾರ್ ಪ್ಲಾನಾ!” ಸಪಾಟಾಗು ಕಡಲೇ, ಎಂದು.

ಕಣ್ಣು ಹಾಯುವಷ್ಟು ದೂರವೂ ಅಲೆಗಳು ಮಲಗಿಕೊಂಡವು. ಹಾಸಿದ ಚಾಪೆಯಂಥ ನೀರಿನ ಮೇಲೆ ಶೀನನ ದೋಣಿ ಬರುತ್ತಿರಲು, ತಾನು ಕೈಮುಗಿದು ನಿಂತದ್ದು ಗುಲಾಬಿಗೇ ತಿಳಿಯಲಿಲ್ಲ.