ಮಂತ್ರಿಗಳಿಗಾಗಿ ನಿಂತ ಗೂಡ್ಸು

ಕಾರುಗಳನ್ನು ತೆರೆದ ವ್ಯಾಗನ್ನಿನ ಮೇಲೆ ಹಗ್ಗ ಬಿಗಿದು ಸಾಗಿಸುತ್ತಿದ್ದ ಕಾಲ. ಹೊಸ ಕಾರ್ಖಾನೆಯ ಮೊದಲ ಐವತ್ತು ಕಾರು ಹೊತ್ತ ಗೂಡ್ಸು ಗಾಡಿ ಬೆಳಿಗ್ಗೆಯಿಂದ ಸ್ಟೇಷನ್ನಿನಲ್ಲಿ ಮಂತ್ರಿಗಳ ಹಾದಿ ಕಾಯುತ್ತಿತ್ತು. ಅದರ ಬಾಲ ರಸ್ತೆಗೆ ಅಡ್ಡ ಬಿದ್ದಿದ್ದರಿಂದ ಗೇಟ್‌ಮನ್ ಬಸಲಿಂಗಪ್ಪ ಗೇಟು ಹಾಕಿ ಕೂತಿದ್ದ. ಸ್ಟೇಷನ್ನಿಗೆ ಹೋಗಲು ಗೇಟು ದಾಟಲೇಬೇಕು; ಮಂತ್ರಿಗಳ ಕಾರು ಬಂದು ಆ ಗೇಟಿಗೇ ನಿಂತಿತು.

ಪಿ.ಎ. ಇಳಿದು ಬಂದು ಗದರಿದ. "ಗೇಟು ತೆಗಿಯೋ!"

"ಗಾಡಿ ಅಡ್ಡ ಐತಲ್ರೀ ಸಾಹೇಬ್ರ."

"ಹಾಗಾದ್ರೆ ಗಾಡಿ ಬಿಡೋಕೆ ಹೇಳು."

"ಮಂತ್ರಿಗಳು ಹಸಿರು ಬಾವುಟ ತೋರಿಸೋತನಕ ಬಿಡಬಾರದು, ತೋರಿಸಿದ ಕೂಡಲೇ ಬಿಡಬೇಕು ಅಂತ ಗಾರ್ಡಿಗೆ ಆರ್ಡರ್ ಐತ್ರೀ."

"ನಾಳೆಯೇ ನಿನ್ನ ಎತ್ತಂಗಡಿ ಮಾಡಿಸ್ತೀನಿ, ನೋಡ್ತಿರು!"

ಬಸಲಿಂಗಪ್ಪನ ಮಗಳು ಬಾಣಂತನಕ್ಕೆ ಬಂದು ಕ್ವಾರ್ಟರ್ಸಿನಲ್ಲಿದ್ದಳು. ಅವನು ದಡಬಡಿಸಿ ಎದ್ದು ನಿಂತ.

"ಊರ ಮಂದಿ ಎಲ್ಲಾ ವ್ಯಾಗನ್ ಹತ್ತಿ ಆಕಡೆ ಇಳೀತಾರ್ರೀ. ಸಾಹೇಬ್ರಿಗೆ ಬೇಕಾದ್ರ ಸ್ಟೂಲ್ ಹಾಕ್ತೀನಿ," ಅಂದ.

ಮಂತ್ರಿಗಳು ಗೊಣಗುತ್ತ, ಒಂದು ಕೈಯಲ್ಲಿ ಪಂಚೆಯ ಚುಂಗು, ಇನ್ನೊಂದರಲ್ಲಿ ಹಸಿರು ರೇಷ್ಮೆಯ ಬಾವುಟ ಹಿಡಿದು ಹತ್ತಿದರು. ಕಾರುಗಳ ನಡುವೆ ಅವರ ತಲೆ ಕಂಡದ್ದೇ ತಡ, ಗೇಟಿನ ಎರಡೂ ಕಡೆ ಕಾದಿದ್ದ ಜನ ಜೈಕಾರ ಹಾಕಿದರು. ಜೈಕಾರ ಕೇಳಿ ಸುಮ್ಮನೆ ನಿಂತ ಮಂತ್ರಿ ಎಲ್ಲಿದ್ದಾರೆ? ಕೈ ತಾನಾಗಿ ಮೇಲೆದ್ದು ಬೀಸತೊಡಗಿತು. ಅದು ಬಾವುಟವಿದ್ದ ಕೈ.

ಕೊನೆಯ ಡಬ್ಬಿಯಲ್ಲಿದ್ದ ಗಾರ್ಡು ಸೀಟಿ ಊದಿದ. ಗಾಡಿ ಹೊರಟಿತು. ಸ್ಟೇಷನ್ನಿನಲ್ಲಿ ಬ್ಯಾಂಡು ಶುರುವಾಯಿತು.

ಬಸಲಿಂಗಪ್ಪ ಪಿ.ಎ.ಗೆ ಸಲಾಮು ಹೊಡೆದ. "ಗೇಟು ತೆಗದೀನ್ರೀ ಸಾಹೇಬ್ರ, ನಡೀರಿ. ಗಾಡಿ ಇನ್ನ ನಿಲ್ಲೋದು ಗುಂತಕಲ್ಲಿನಾಗ."